ಗೇಮಿನಲ್ಲಿ ಮಳೆ ಲಾಟರಿ ಹೊಡೆದಂತೆ ಬರುತ್ತಿದೆ!

ಪ್ರಶ್ನೆ: ಗೋಡೋ ಎಂಬ ಗೇಮ್ ಎಂಜಿನ್‌ನಲ್ಲಿ ಧಾರವಾಡದ ಓಣಿಗಳ ಗೇಮ್ ಮಾಡುತ್ತಿದ್ದೇನೆ. ಗೇಮಿನ ಪ್ರತಿ ಗಂಟೆಗೆ ಬಿಸಿಲು, ಮೋಡ, ಜಿಟಿಜಿಟಿ, ಜಡಿಮಳೆ ಇವುಗಳಲ್ಲಿ ಒಂದನ್ನು ರ್‍ಯಾಂಡಮ್ ಆಗಿ ಆರಿಸುತ್ತೇನೆ. ಸುಡುಬಿಸಿಲಲ್ಲಿ ಒಮ್ಮೆಲೇ ಜಡಿಮಳೆ, ಮರುಗಂಟೆ ಮತ್ತೆ ಬಿಸಿಲು. ಏನು ಮಾಡಲಿ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ನಿಮ್ಮ ಹವೆಗೆ ಹಿಂದಿನ ಗಂಟೆಯ ನೆನಪೇ ಇಲ್ಲ. ಈಗಿನ ಸ್ಥಿತಿ ನೋಡಿ ಮುಂದಿನದನ್ನು ಆರಿಸುವ ಕೋಷ್ಟಕ ಬರೆಯಿರಿ. ಇದಕ್ಕೆ ಮಾರ್ಕೋವ್ ಸರಪಳಿ ಎನ್ನುತ್ತಾರೆ. ಬಿಸಿಲಿನ ಸಾಲು (ನೂರಕ್ಕೆ ಇಷ್ಟು ಸಾಧ್ಯತೆ): ಬಿಸಿಲೇ 75, ಮೋಡ 25, ಮಳೆ ಎರಡಕ್ಕೂ ಸೊನ್ನೆ. ಜಿಟಿಜಿಟಿಯ ಸಾಲು: ಹಾಗೇ ಉಳಿಯಲು 80, ಮೋಡ 15, ಜಡಿಮಳೆ 5. ಪ್ರತಿ ಸಾಲಿನ ಮೊತ್ತ 100 ಇರಲೇಬೇಕು. 80 ಎಂದರೆ ಸರಾಸರಿ 5 ಗಂಟೆ ಸುರಿಯುತ್ತದೆ. ಶ್ರಾವಣದ ಧಾರವಾಡಕ್ಕೆ ಅದೇ ಚೆಂದ. ಆದರೂ ಕೆಲವೊಮ್ಮೆ ಒಂದೇ ಗಂಟೆಗೆ ನಿಂತೀತು. ಬೇಡವೆನಿಸಿದರೆ ಕನಿಷ್ಠ 2 ಗಂಟೆ ಸ್ಥಿತಿ ಬದಲಾಗದಂತೆ ತಡೆಯಿರಿ.

ಏಪ್ರಿಲ್-ಮೇ ಅಡ್ಡಮಳೆಗೆ ಬೇರೆ ಕೋಷ್ಟಕ ಬೇಕು: ಮಧ್ಯಾಹ್ನ 3ರ ನಂತರ ಮೋಡದಿಂದ ಜಡಿಮಳೆಗೆ 35, ಅದರಲ್ಲೇ ಉಳಿಯಲು 30 ಸಾಕು. ಬಂತು, ಹೊಡೀತು, ಹೋಯ್ತು.

ಬೆಳಕು, ಗಾಳಿಯ ಸದ್ದು, ಹನಿಗಳ ಸಂಖ್ಯೆ ಒಮ್ಮೆಲೇ ಬದಲಾಗದೆ 60 ಸೆಕೆಂಡಿನಲ್ಲಿ ನಿಧಾನಕ್ಕೆ ಸರಿಯಲಿ. ನೆಲದ ಹಸಿಗೆ ಪ್ರತ್ಯೇಕ ಅಂಕಿ ಇಡಿ: ಮಳೆಯಲ್ಲಿ ಬೇಗ ಏರಿ, ನಿಂತ ಮೇಲೆ ತಡವಾಗಿ ಇಳಿಯಬೇಕು. ಮೋಡ ಸರಿದರೂ ತಗ್ಗಿನಲ್ಲಿ ಕೆಂಪು ನೀರು ನಿಂತಿರುತ್ತದಲ್ಲ!

ಸೇವ್ ಮಾಡುವಾಗ ರ್‍ಯಾಂಡಮ್‌ನಂಬರ್‌ಜನರೇಟರ್‌ನ ಸೀಡ್ (ಸರಣಿ ಶುರುವಾಗುವ ಅಂಕಿ) ಮಾತ್ರವಲ್ಲ, ಸ್ಟೇಟ್ (ಸರಣಿ ಈಗ ಎಲ್ಲಿದೆ ಎಂಬುದು) ಕೂಡ ಉಳಿಸಿ. ಸೀಡ್ ಒಂದನ್ನೇ ಮತ್ತೆ ಹಾಕಿದರೆ ಮೊದಲ ದಿನದ ಹವೆಯೇ ಮರುಕಳಿಸುತ್ತದೆ.