ಹದಿಹರೆಯದವರಿಗಾಗಿ ಕಾದಂಬರಿ ಬರೆಯುವ ಆಸೆ ಇದೆ. ಮೊದಲು ಯಾವುದನ್ನು ಓದಲಿ?

ನೀವು ಕೇಳಿರುವುದು ಇಷ್ಟು: ಹೈಸ್ಕೂಲು, ಪಿಯುಸಿ ವಯಸ್ಸಿನವರಿಗೆ ಕನ್ನಡದಲ್ಲಿ ಕಾದಂಬರಿ ಬರೆಯಬೇಕು ಅಂತಿದ್ದೀರಿ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ. ಹ್ಯಾರಿ ಪಾಟರ್, ಹಂಗರ್ ಗೇಮ್ಸ್ ಎರಡೂ ಆಗಿವೆ. ಯಂಗ್ ಅಡಲ್ಟ್ ಕಾದಂಬರಿಗಳಲ್ಲಿ ಮುಂದೆ ಯಾವುದು?

ಆ ಎರಡು ಆಗಿವೆ ಅಂದಿದ್ದು ಒಳ್ಳೆಯದಾಯಿತು. ಮಾಟ ಮಂತ್ರ, ಯುದ್ಧ ಎಲ್ಲ ಪಕ್ಕಕ್ಕಿಟ್ಟು ನನಗೆ ಇಷ್ಟವಾದ ಕಡೆಗೇ ಹೋಗಬಹುದು. ಓದುಗರಾಗಿ ಮಾತ್ರ ಕೇಳಿದ್ದರೆ ಸುಮ್ನೆ ಹತ್ತು ಹೆಸರು ಹೇಳಿ ಮುಗಿಸುತ್ತಿದ್ದೆ. ಬರೆಯಬೇಕು ಅಂತಿದ್ದೀರಲ್ಲ, ಹಾಗಾಗಿ ಒಂದೇ ವಿಷಯ ಗಮನದಲ್ಲಿಟ್ಟುಕೊಂಡು ಓದಿ: ಕಥೆ ಹೇಳುತ್ತಿರುವ ದನಿ ಎಲ್ಲಿ ನಿಂತಿದೆ? ನಮ್ಮಲ್ಲಿ ಬಾಲ್ಯದ, ಹರೆಯದ ಕಥೆಗಳು ಬೇಕಾದಷ್ಟಿವೆ. ಆದರೆ ಜಾಸ್ತಿ ಕಥೆಗಳಲ್ಲಿ ನಲವತ್ತು ದಾಟಿದ ಒಬ್ಬರು ಕೂತು "ಆಗ ನಾವು ಎಂಥ ಪೆದ್ದರು" ಅಂತ ನೆನೆದು ನಗುತ್ತಿರುತ್ತಾರೆ. ನಮಗೆ ಅದು ಚೆನ್ನಾಗಿರುತ್ತದೆ. ಹದಿನೈದರ ಹುಡುಗಿಗೆ ಹಾಗಿರುವುದಿಲ್ಲ. ಅವಳು ಇನ್ನೂ ಆ ವಯಸ್ಸಿನ ಒಳಗೇ ಇದ್ದಾಳೆ. ಮುಂದೆ ಎಲ್ಲ ಸರಿಹೋಗುತ್ತದೆ ಅಂತ ಅವಳಿಗೆ ಯಾರೂ ಬರೆದುಕೊಟ್ಟಿಲ್ಲ.

ಇದಕ್ಕೆ ಮೊದಲ ಪುಸ್ತಕ ಎಸ್. ಇ. ಹಿಂಟನ್ ಬರೆದ 'ದಿ ಔಟ್‌ಸೈಡರ್ಸ್'. 1967ರದ್ದು. ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ಊರಿನ ಹುಡುಗಿ, ಹೈಸ್ಕೂಲಿನಲ್ಲಿದ್ದಾಗಲೇ ಬರೆಯಲು ಶುರುಮಾಡಿದ್ದು. ಪುಸ್ತಕ ಅಚ್ಚಾದಾಗ ಅವಳಿಗೆ 18. ಹುಡುಗರ ಗ್ಯಾಂಗುಗಳ ಕಥೆಯನ್ನು ಹುಡುಗಿ ಬರೆದಿದ್ದಾಳೆ ಅಂದರೆ ವಿಮರ್ಶಕರು ಮೂಗು ಮುರಿಯುತ್ತಾರೆ ಅಂತ ಪ್ರಕಾಶಕರು ಹೆಸರನ್ನು ಬರೀ ಇನಿಶಿಯಲ್ ಮಾಡಿಸಿದರು. ಕಥೆ ಹೇಳುವವನು ಪೋನಿಬಾಯ್, ವಯಸ್ಸು 14. ಅಪ್ಪ ಅಮ್ಮ ಇಲ್ಲ, ಇಬ್ಬರು ಅಣ್ಣಂದಿರು ಸಾಕುತ್ತಿದ್ದಾರೆ. ಊರಿನಲ್ಲಿ ಎರಡು ಗುಂಪು: ಎಣ್ಣೆ ಹಚ್ಚಿ ಕೂದಲು ಉದ್ದ ಬಿಟ್ಟ ಬಡ ಹುಡುಗರು, ಕಾರು ಇರುವ ಶ್ರೀಮಂತ ಹುಡುಗರು. ಒಂದು ರಾತ್ರಿ ಪಾರ್ಕಿನಲ್ಲಿ ಕೊಲೆ ಆಗುತ್ತದೆ. ಪೋನಿಬಾಯ್ ಮತ್ತು ಅವನ ಗೆಳೆಯ ಜಾನಿ ಊರು ಬಿಟ್ಟು ಓಡಿ, ಹಾಳುಬಿದ್ದ ಚರ್ಚೊಂದರಲ್ಲಿ ಅಡಗುತ್ತಾರೆ.

ಆ ಚರ್ಚಿನ ಭಾಗವನ್ನು ಎರಡು ಸಲ ಓದಿ. ಗುರುತು ಸಿಗಬಾರದು ಅಂತ ಜಾನಿ ಚಾಕುವಿನಿಂದ ಇವನ ಕೂದಲು ಕತ್ತರಿಸಿ, ಪೆರಾಕ್ಸೈಡ್ ಹಾಕಿ ಬಣ್ಣ ಕಳೆಯುತ್ತಾನೆ. ಹಿಂದೆ ಒಂದು ಹೆಣ ಬಿದ್ದಿದೆ, ಪೊಲೀಸರು ಹುಡುಕುತ್ತಿದ್ದಾರೆ. ಹುಡುಗನಿಗೆ ಹೊಟ್ಟೆ ಉರಿಯುತ್ತಿರುವುದು ಕೂದಲಿಗಾಗಿ! ಆ ಕೂದಲೇ ಅವನ ಮಾನ, ಅವನ ಗುಂಪಿನ ಗುರುತು. ದೊಡ್ಡವರು ಬರೆದಿದ್ದರೆ ಅಲ್ಲಿ ಪಾಪಪ್ರಜ್ಞೆಯ ಬಗ್ಗೆ ಎರಡು ಪುಟ ಕೊರೆಯುತ್ತಿದ್ದರು, ಅಲ್ವಾ? ಹಿಂಟನ್ ಹುಡುಗನ ಅಳತೆಯಲ್ಲೇ ಅಳೆದಿದ್ದಾಳೆ. ಇನ್ನೊಂದು, ಈ ಕಾದಂಬರಿಯ ಮೊದಲ ವಾಕ್ಯವೇ ಕೊನೆಯ ವಾಕ್ಯವೂ ಹೌದು. ಯಾಕೆ ಅಂತ ನಾನು ಹೇಳಲ್ಲ. ಕೆಲವು ಕಡೆ ಭಾವುಕತೆ ಜಾಸ್ತಿಯಾಯಿತು ಅನಿಸುತ್ತದೆ, ಅದು ನಿಜ. ಆ ವಯಸ್ಸೇ ಹಾಗೆ ಅಂದುಕೊಂಡು ಮುಂದೆ ಹೋಗಿ.

ಆಮೇಲೆ ಲಾರಿ ಹಾಲ್ಸ್ ಆಂಡರ್ಸನ್ ಬರೆದ 'ಸ್ಪೀಕ್', 1999. ಮೆಲಿಂಡಾ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ. ಬೇಸಿಗೆ ರಜೆಯ ಒಂದು ಪಾರ್ಟಿಗೆ ಅವಳು ಪೊಲೀಸರನ್ನು ಕರೆಸಿದ್ದಾಳೆ ಅಂತ ಇಡೀ ಶಾಲೆ ಅವಳನ್ನು ದೂರ ಇಟ್ಟಿದೆ. ಯಾಕೆ ಕರೆಸಿದಳು ಅಂತ ಒಬ್ಬರೂ ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ. ದಿನ ಕಳೆದಂತೆ ಮಾತೇ ನಿಲ್ಲುತ್ತದೆ. ಈಗ ಬರಹಗಾರರ ಕಷ್ಟ ನೋಡಿ: ಮಾತಾಡದ ಹುಡುಗಿಯ ಬಾಯಲ್ಲೇ ಇಡೀ ಕಾದಂಬರಿ ಹೇಳಿಸಬೇಕು. ಆಂಡರ್ಸನ್ ಕೆಲವು ಕಡೆ ಸಂಭಾಷಣೆಯನ್ನು ನಾಟಕದ ಹಾಗೆ ಬರೆಯುತ್ತಾರೆ. ಬೇರೆಯವರ ಹೆಸರು, ಅವರ ಮಾತು. ಕೆಳಗೆ "ನಾನು:" ಅಂತ ಇರುತ್ತದೆ, ಅದರ ಮುಂದೆ ಖಾಲಿ. ಇಷ್ಟೇ. ಒಳಗೆ ಮಾತ್ರ ಹುಡುಗಿ ಎಲ್ಲರನ್ನೂ ಚೆನ್ನಾಗಿ ಗೇಲಿ ಮಾಡುತ್ತಿರುತ್ತಾಳೆ. ನಗು ಬರುತ್ತದೆ, ನಕ್ಕಿದ್ದಕ್ಕೆ ಬೇಜಾರೂ ಆಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದರ ನಡುವೆ ಲೈಂಗಿಕ ದೌರ್ಜನ್ಯ ಇದೆ. ಚಿಕ್ಕವರ ಕೈಗೆ ಕೊಡುವ ಮೊದಲು ನೀವು ಓದಿರಿ.

ಅದೇ ವರ್ಷ ಬಂದದ್ದು ವಾಲ್ಟರ್ ಡೀನ್ ಮೈಯರ್ಸ್ ಅವರ 'ಮಾನ್‌ಸ್ಟರ್'. ನ್ಯೂಯಾರ್ಕಿನ ಹಾರ್ಲೆಮ್‌ನ 16ರ ಹುಡುಗ ಸ್ಟೀವ್, ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ಅವನಿಗೆ ಸಿನಿಮಾ ಮಾಡುವ ಆಸೆ. ಹಾಗಾಗಿ ತನ್ನ ವಿಚಾರಣೆಯನ್ನೇ ಚಿತ್ರಕಥೆಯಾಗಿ ಬರೆಯುತ್ತಾನೆ, ಮಧ್ಯೆ ಮಧ್ಯೆ ಡೈರಿ. ಚಿತ್ರಕಥೆಯಲ್ಲಿ ಕ್ಯಾಮೆರಾ ಹೊರಗಿನಿಂದ ನೋಡುತ್ತದೆ, ಡೈರಿಯಲ್ಲಿ ಹುಡುಗ ಒಳಗಿನಿಂದ ನಡುಗುತ್ತಾನೆ. ಅವನು ನಿಜವಾಗಿಯೂ ತಪ್ಪಿತಸ್ಥನೋ ಅಲ್ಲವೋ ಅನ್ನುವುದು ಆ ಎರಡರ ನಡುವಿನ ಸಂದಿಯಲ್ಲಿದೆ. ಅಮೆರಿಕದ ಲೈಬ್ರರಿ ಸಂಘ ಯಂಗ್ ಅಡಲ್ಟ್ ಪುಸ್ತಕಗಳಿಗೆ ಅಂತಲೇ ಕೊಡುವ ಪ್ರಿಂಟ್ಜ್ ಪ್ರಶಸ್ತಿ 2000ದಲ್ಲಿ ಶುರುವಾದಾಗ ಮೊದಲು ಸಿಕ್ಕಿದ್ದು ಈ ಪುಸ್ತಕಕ್ಕೆ. ಮುಂದೆ ಏನು ಓದಲಿ ಅಂತ ತಲೆ ಕೆಡಿಸಿಕೊಂಡಾಗ ಆ ಪ್ರಶಸ್ತಿಯ ಪಟ್ಟಿ ನೋಡಿ. ಗೆದ್ದದ್ದಕ್ಕಿಂತ ಅದರ ಕೆಳಗಿನ ಗೌರವ ಪಟ್ಟಿಯೇ ನನಗೆ ಎಷ್ಟೋ ಸಲ ಹೆಚ್ಚು ಹಿಡಿಸಿದೆ.

ಸಮಯ ಕಮ್ಮಿ ಇದ್ದರೆ ಜೇಸನ್ ರೆನಾಲ್ಡ್ಸ್ ಬರೆದ 'ಲಾಂಗ್ ವೇ ಡೌನ್' ಒಂದೇ ಸಂಜೆಗೆ ಮುಗಿಯುತ್ತದೆ. ಅಣ್ಣನನ್ನು ಕೊಂದವನನ್ನು ಕೊಲ್ಲಲು ಹುಡುಗ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಲಿಫ್ಟ್ ಹತ್ತುತ್ತಾನೆ. ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಕಥೆ ಮುಗಿಯಬೇಕು. ಇಡೀ ಪುಸ್ತಕ ಪದ್ಯದಲ್ಲಿದೆ.

ಇಷ್ಟು ಹೇಳಿದ ಮೇಲೆ, ದನಿ ಯಾವಾಗಲೂ ಹುಡುಗರದ್ದೇ ಇರಬೇಕಾ ಅಂತ ನೀವು ಕೇಳಬಹುದು. ಇಲ್ಲ. ಮಾರ್ಕಸ್ ಜುಸಾಕ್ ಅವರ 'ದಿ ಬುಕ್ ಥೀಫ್' ಕಾದಂಬರಿಯಲ್ಲಿ ಹಿಟ್ಲರ್ ಕಾಲದ ಜರ್ಮನಿಯ ಪುಟ್ಟ ಹುಡುಗಿಯ ಕಥೆ ಹೇಳುವುದು ಸಾಕ್ಷಾತ್ ಸಾವು. ಯಾರು ಸಾಯುತ್ತಾರೆ ಅಂತ ಮೊದಲೇ ಹೇಳಿಬಿಡುತ್ತದೆ, ಆದರೂ ಕೊನೆಗೆ ಗಂಟಲು ಕಟ್ಟುತ್ತದೆ. ತಮಾಷೆ ಅಂದರೆ, 2005ರಲ್ಲಿ ಆಸ್ಟ್ರೇಲಿಯಾದಲ್ಲಿ ಇದು ದೊಡ್ಡವರ ಪುಸ್ತಕವಾಗಿ ಬಂತು, ಮರುವರ್ಷ ಅಮೆರಿಕದಲ್ಲಿ ಯಂಗ್ ಅಡಲ್ಟ್ ಆಯಿತು. ಹಣೆಪಟ್ಟಿ ಹಚ್ಚುವುದು ಪ್ರಕಾಶಕರ ಕೆಲಸ, ಅದರ ಚಿಂತೆ ನಿಮಗೆ ಬೇಡ. ಪ್ಯಾಟ್ರಿಕ್ ನೆಸ್ ಬರೆದ 'ಎ ಮಾನ್‌ಸ್ಟರ್ ಕಾಲ್ಸ್' ಕೂಡ ಹೊರಗಿನ ದನಿಯಲ್ಲೇ ಇದೆ. ತಾಯಿಗೆ ಕಾಯಿಲೆ, ರಾತ್ರಿ 12:07ಕ್ಕೆ ಮನೆ ಹಿಂದಿನ ಮರ ರಾಕ್ಷಸನಾಗಿ ಬಂದು ಮೂರು ಕಥೆ ಹೇಳುತ್ತದೆ. ನಾಲ್ಕನೆಯದನ್ನು ಹುಡುಗನೇ ಹೇಳಬೇಕು. ಈ ಕಥೆಯ ಕಲ್ಪನೆ ಶಿವಾನ್ ಡೌಡ್ ಎಂಬ ಲೇಖಕಿಯದು. ಅವರು ಕ್ಯಾನ್ಸರಿನಿಂದ 2007ರಲ್ಲಿ ತೀರಿಕೊಂಡರು, ನೆಸ್ ಅದನ್ನು ಕೈಗೆತ್ತಿಕೊಂಡು ಮುಗಿಸಿದರು.

ಇನ್ನು ನಮ್ಮ ಕಡೆಗೆ. ಆರ್. ಕೆ. ನಾರಾಯಣ್ ಮೈಸೂರಿನಲ್ಲಿ ಕೂತು ಬರೆದ 'ಸ್ವಾಮಿ ಅಂಡ್ ಫ್ರೆಂಡ್ಸ್', 1935ರದ್ದು. ಶಂಕರ್‌ನಾಗ್ ಸೀರಿಯಲ್ ನೋಡಿದ್ದೇವೆ, ಗೊತ್ತು ಬಿಡಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಕೊನೆಯ ಅಧ್ಯಾಯ ಓದಿ ನೋಡಿ. ಮುನಿಸಿಕೊಂಡ ಗೆಳೆಯ ರಾಜಂ ಊರು ಬಿಟ್ಟು ಹೋಗುತ್ತಿದ್ದಾನೆ. ಸ್ವಾಮಿ ಸ್ಟೇಷನ್ನಿಗೆ ಓಡಿ, ಹೊರಟ ರೈಲಿನ ಜೊತೆ ಒಂದು ಕಥೆಪುಸ್ತಕ ಕೊಟ್ಟು ಕಳಿಸುತ್ತಾನೆ. ರಾಜಂ ಕ್ಷಮಿಸಿದನಾ, ಕಾಗದ ಬರೆಯುತ್ತಾನಾ? ಬರೆಯುತ್ತಾನೆ ಅಂತ ಇನ್ನೊಬ್ಬ ಗೆಳೆಯ ಮಣಿ ಹೇಳುತ್ತಾನೆ. ಮಣಿಯ ಮುಖ ನೋಡಿದರೆ ಅದು ನಿಜವೋ ಸುಳ್ಳೋ ತಿಳಿಯುವುದಿಲ್ಲ. ನಾರಾಯಣ್ ಉದ್ದಕ್ಕೂ ಹುಡುಗರನ್ನು ಸ್ವಲ್ಪ ದೂರದಿಂದ ನೋಡಿ ನಗುತ್ತಲೇ ಬಂದವರು. ಇಲ್ಲಿ ನಗು ಬಿಟ್ಟು ಹುಡುಗನ ಪಕ್ಕದಲ್ಲೇ ನಿಂತುಬಿಡುತ್ತಾರೆ. ಎಲ್ಲಿ ಆ ದೂರ ಕಡಿಮೆಯಾಯಿತು ಅಂತ ಪೆನ್ಸಿಲ್ ಹಿಡಿದು ಗುರುತು ಮಾಡಿ.

ತೇಜಸ್ವಿಯವರ 'ಕರ್ವಾಲೊ' ನೀವು ಓದಿಯೇ ಇರುತ್ತೀರಿ. ಹೇಳುವವರು ದೊಡ್ಡವರು, ಹುಡುಗರಿಗಾಗಿ ಬರೆದದ್ದೂ ಅಲ್ಲ. ಆದರೂ ನಮ್ಮ ಹೈಸ್ಕೂಲು ಮಕ್ಕಳು ಬಿಡದೆ ಓದುತ್ತಾರೆ. ಹಾರುವ ಓತಿಗೆ ಮಾತ್ರ ಅಲ್ಲ, ಮಂದಣ್ಣನಿಗಾಗಿ ಅಂತ ನನ್ನ ಲೆಕ್ಕ. ಊರೆಲ್ಲ ಕೆಲಸಕ್ಕೆ ಬಾರದವನು ಅಂದುಕೊಂಡ ಹುಡುಗನ ತಿಳಿವಳಿಕೆಗೆ ಒಬ್ಬ ವಿಜ್ಞಾನಿ ಬೆಲೆ ಕೊಡುತ್ತಾರೆ. ಹದಿನಾರರ ಯಾವ ಹುಡುಗನಿಗೆ ಅದು ಬೇಡ ಹೇಳಿ?

ಇಂಗ್ಲಿಷಿನಲ್ಲೇ ಬರೆಯುವ ನಮ್ಮ ದೇಶದವರಲ್ಲಿ ಸಿದ್ಧಾರ್ಥ ಶರ್ಮಾ ಅವರ 'ಇಯರ್ ಆಫ್ ದಿ ವೀಡ್ಸ್' ನೋಡಿ. ಒಡಿಶಾದ ಗೊಂಡ ಹುಡುಗ ಕೊರೊಕ್, ತೋಟದ ಕೆಲಸ ಮಾಡುವವನು. ಊರ ಬೆಟ್ಟದಲ್ಲಿ ಬಾಕ್ಸೈಟ್ ಇದೆ ಅಂತ ಕಂಪನಿ ಬರುತ್ತದೆ. ಘೋಷಣೆ ಕೂಗುವ ಪುಸ್ತಕ ಆಗಬಹುದಿತ್ತು, ಆಗಿಲ್ಲ. ಕನ್ನಡದಲ್ಲಿ ಹೊಸದಾಗಿ ಏನಿದೆ ಅಂತ ತಿಳಿಯಲು ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದ ಕಾದಂಬರಿಗಳಿಂದ ಶುರುಮಾಡಿ: ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಮಕ್ಕಳ ಪುಸ್ತಕಕ್ಕೂ ದೊಡ್ಡವರ ಕಾದಂಬರಿಗೂ ಮಧ್ಯದ ಜಾಗ ನಮ್ಮಲ್ಲಿ ಇನ್ನೂ ಸಾಕಷ್ಟು ಖಾಲಿ ಇದೆ. ನಿಮಗೆ ಅದು ಲಾಭವೇ.

ಭಾಷೆಯ ಬಗ್ಗೆ ಒಂದು ಮಾತು. ಈಗಿನ ಹುಡುಗರ ಹಾಗೆ ಬರೆಯಬೇಕು ಅಂತ ಪ್ರತಿ ಸಾಲಿಗೂ "ಬ್ರೋ", "ಮಚ್ಚಾ" ತುರುಕಬೇಡಿ. ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ನಿಮ್ಮ ಹುಡುಗಿ ಹಾವೇರಿಯವಳಾದರೆ ಹಾವೇರಿಯ ಮಾತಿನಲ್ಲೇ ಯೋಚಿಸಲಿ, ಕುಂದಾಪುರದವಳಾದರೆ ಅಲ್ಲಿಯದರಲ್ಲಿ. ಸ್ಲ್ಯಾಂಗ್‌ಗಿಂತ ಅದು ಜಾಸ್ತಿ ಬಾಳುತ್ತದೆ.

ಮೊದಲು 'ಔಟ್‌ಸೈಡರ್ಸ್', ಹಿಂದೆಯೇ 'ಸ್ಪೀಕ್'. ಎರಡೂ ತೆಳ್ಳಗಿವೆ, ಇಂಗ್ಲಿಷೂ ಸುಲಭ. ಅವು ಆದ ಮೇಲೆ ನಿಮ್ಮ ಕಾದಂಬರಿಯ ಯಾವುದಾದರೂ ಒಂದು ದೃಶ್ಯ ತೆಗೆದುಕೊಂಡು, ಹತ್ತು ವರ್ಷದ ನಂತರ ನೆನೆಯುವ ಹಾಗೆ ಒಮ್ಮೆ, ಅದೇ ರಾತ್ರಿ ಕೂತು ಬರೆಯುವ ಹಾಗೆ ಇನ್ನೊಮ್ಮೆ ಬರೆಯಿರಿ. ಎರಡನ್ನೂ ಪರಿಚಯದ ಒಬ್ಬ ಪಿಯುಸಿ ಹುಡುಗನಿಗೋ ಹುಡುಗಿಗೋ ಕೊಡಿ. ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ, ಮರ್ಯಾದೆಗೆ ಎರಡೂ ಅಂತಾರೆ. ಯಾವುದನ್ನು ಮಧ್ಯದಲ್ಲಿ ಬಿಟ್ಟು ಮೊಬೈಲ್ ನೋಡಿದರು ಅಂತ ಗಮನಿಸಿ.