ಉತ್ತರ ನಿಮ್ಮ ಕಂಪ್ಯೂಟರಿನಲ್ಲೇ ಇದೆ

ಪ್ರಶ್ನೆ: ಬಿಸಿಎ ಓದುತ್ತಿದ್ದೇನೆ. ಗೋಕರ್ಣದ ಸುತ್ತಲಿನ ಹೋಂಸ್ಟೇಗಳ ಪಟ್ಟಿ ಇರುವ ಜಾಲತಾಣವೊಂದನ್ನು ಜಾಂಗೋ ಎಂಬ ಪೈಥಾನ್ ತಂತ್ರಾಂಶ ಬಳಸಿ ಮಾಡುತ್ತಿದ್ದೇನೆ. ವೀಡಿಯೊದಲ್ಲಿ ತೋರಿಸಿದಂತೆಯೇ ಬರೆದರೂ ‘ಯುಆರ್‌ಎಲ್’ ಎಂಬ ಹೆಸರನ್ನು ಇಂಪೋರ್ಟ್ ಮಾಡಲಾಗದು ಎಂಬ ದೋಷ ಬರುತ್ತದೆ. ಇನ್ನೊಂದು ವೀಡಿಯೊ ಇನ್ನೊಂದು ರೀತಿ ಹೇಳುತ್ತದೆ. ಯಾರನ್ನು ನಂಬಲಿ? ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಕೂಡ ಸರಿಯಾಗಿರುವುದಿಲ್ಲ.
– ವಿದ್ಯಾರ್ಥಿನಿ, ಕುಮಟಾ

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಮೊದಲ ವೀಡಿಯೊ ಹಳೆಯ ಆವೃತ್ತಿಯದು, ಅಷ್ಟೆ. 2017ರ ಕೊನೆಯಲ್ಲಿ ಬಂದ ಜಾಂಗೋ 2.0ರಲ್ಲಿ, ‘ಯುಆರ್‌ಎಲ್’ ಮಾಡುತ್ತಿದ್ದ ಕೆಲಸಕ್ಕೆ (ಜಾಲವಿಳಾಸವನ್ನು ಅದರ ಪುಟಕ್ಕೆ ಜೋಡಿಸುವುದು) ‘ಪಾತ್’ ಮತ್ತು ‘ರೀ_ಪಾತ್’ ಎಂಬ ಹೊಸ ಫಂಕ್ಷನ್‌ಗಳು ಸೇರಿದವು. 2020ರ 3.1ರಲ್ಲಿ ಹಳೆಯ ‘ಯುಆರ್‌ಎಲ್’ ಇನ್ನು ಹೋಗಲಿದೆ ಎಂಬ ಎಚ್ಚರಿಕೆ ಕೊಡಲಾಯಿತು. 2021ರ ಡಿಸೆಂಬರಿನ 4.0ರಲ್ಲಿ ಅದನ್ನು ತೆಗೆದೇಬಿಟ್ಟರು. ಇದೆಲ್ಲ ಆಯಾ ಆವೃತ್ತಿಯ ಬಿಡುಗಡೆ ಟಿಪ್ಪಣಿಯಲ್ಲಿ ಬರೆದಿಟ್ಟಿರುವ ಮಾತು. ನೀವು ಅದನ್ನು ತೆರೆದಿದ್ದರೆ ಎರಡನೆಯ ವೀಡಿಯೊ ಹುಡುಕುವ ಅಗತ್ಯವೇ ಬೀಳುತ್ತಿರಲಿಲ್ಲ.

ಆದ್ದರಿಂದ ಮೊದಲು ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿ) ‘ಪಿಪ್ ಶೋ ಜಾಂಗೋ’ ಎಂದು ಕೇಳಿ. ನಿಮ್ಮ ಆವೃತ್ತಿ ಯಾವುದು, ಅದರ ಕಡತಗಳು ಎಲ್ಲಿವೆ ಎಂಬ ಎರಡೂ ವಿಷಯ ತಿಳಿಯುತ್ತವೆ. ಬಳಿಕ ಜಾಂಗೋದ ಅಧಿಕೃತ ಕೈಪಿಡಿಯಲ್ಲಿ ಅದೇ ಆವೃತ್ತಿಯನ್ನು ಆರಿಸಿಕೊಳ್ಳಿ. ಆ ಕೈಪಿಡಿಯನ್ನು ನಾನು ನಂಬುವುದಕ್ಕೆ ಕಾರಣವಿದೆ. ಅದರ ಪಠ್ಯವೂ ಜಾಂಗೋದ ಸೋರ್ಸ್ ಕೋಡೂ (ತಂತ್ರಾಂಶವನ್ನು ಬರೆದಿರುವ ಮೂಲ ಸಾಲುಗಳು) ಒಂದೇ ಭಂಡಾರದಲ್ಲಿ ಅಕ್ಕಪಕ್ಕದಲ್ಲಿವೆ. ಹೊಸ ಸೌಲಭ್ಯ ಸೇರಿಸಲು ಬರುವವರು ಅದರ ಪರೀಕ್ಷೆಗಳ ಜೊತೆಗೆ ಕೈಪಿಡಿಯ ಪಠ್ಯವನ್ನೂ ಬರೆದುಕೊಡಬೇಕು. ಇಲ್ಲದಿದ್ದರೆ ಕೋಡ್ ಎಷ್ಟೇ ಚೆನ್ನಾಗಿರಲಿ, ಒಳಗೆ ಸೇರಿಸಿಕೊಳ್ಳುವುದಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಸಾರ್ವಜನಿಕವಾದ ತಂತ್ರಾಂಶ ಇದು. ಬರೆಯುವವರ ಮನೆಯಲ್ಲಿ ಹುಟ್ಟಿದ್ದರ ಗುಣ ಇಂದಿಗೂ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೋಗಬೇಡಿ. ಜನಮತ ಸಂಗ್ರಹದ ಪುಟ್ಟ ಆ್ಯಪ್ ಕಟ್ಟಿಸುವ ಟ್ಯುಟೋರಿಯಲ್ ಅನ್ನು ಪೂರ್ತಿ ಕೈಯಿಂದ ಟೈಪ್ ಮಾಡಿ ಮುಗಿಸಿ. ಆಮೇಲೆ ವಿಷಯವಾರು ಮಾರ್ಗದರ್ಶಿಗಳಲ್ಲಿ ಮಾಡೆಲ್‌ಗಳ (ದತ್ತಾಂಶ ಹೇಗಿರಬೇಕೆಂದು ಹೇಳುವ ಕೋಡ್) ಭಾಗವನ್ನು ನಿಧಾನವಾಗಿ ಓದಿ. ರೆಫರೆನ್ಸ್ ಭಾಗ ಬೇಕಾದಾಗ ತೆರೆದರೆ ಸಾಕು.

ನೆಟ್‌ವರ್ಕ್ ಇಲ್ಲದ ದಿನಗಳಿಗಾಗಿ ಇಡೀ ಕೈಪಿಡಿಯನ್ನು ಪಿಡಿಎಫ್, ಇ-ಪಬ್ ಅಥವಾ ಎಚ್‌ಟಿಎಂಎಲ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಶಿರಸಿಯಲ್ಲಿ ಕುಳಿತು ಕೆಲಸ ಮಾಡುವ ನಾನು ಮುಂಗಾರು ಶುರುವಾಗುವ ಮೊದಲೇ ಈ ಪ್ರತಿಯನ್ನು ಲ್ಯಾಪ್‌ಟಾಪಿಗೆ ತುಂಬಿಸಿಕೊಳ್ಳುತ್ತೇನೆ. ದೇವಿಮನೆ ಘಟ್ಟದ ಮೇಲೆ ಮರ ಬಿದ್ದು ತಂತಿ ಹರಿದರೆ ಯಾವ ವೀಡಿಯೊವೂ ಓಡುವುದಿಲ್ಲ.

ಇನ್ನೂ ದೊಡ್ಡ ಸಂಗತಿಯೆಂದರೆ, ಜಾಂಗೋದ ಸೋರ್ಸ್ ಕೋಡ್ ಈಗಾಗಲೇ ನಿಮ್ಮ ಕಂಪ್ಯೂಟರಿನಲ್ಲಿದೆ. ‘ಪಿಪ್ ಶೋ’ ತೋರಿಸಿದ ಜಾಗಕ್ಕೆ ಹೋಗಿ, ಜಾಂಗೋ ಫೋಲ್ಡರಿನೊಳಗೆ ‘ಶಾರ್ಟ್‌ಕಟ್ಸ್’ ಎಂಬ ಪೈಥಾನ್ ಕಡತ ತೆರೆಯಿರಿ. ಚಿಕ್ಕ ಕಡತ. ‘ಗೆಟ್_ಆಬ್ಜೆಕ್ಟ್_ಆರ್_404’ ಎಂಬ ಫಂಕ್ಷನ್ ಅಲ್ಲಿದೆ. ದತ್ತಾಂಶ ಸಿಗದಿದ್ದರೆ ‘ಪುಟ ಸಿಗಲಿಲ್ಲ’ ಎಂಬ 404ನ್ನು ಅದು ಎಬ್ಬಿಸುವುದು ಕಣ್ಣಿಗೆ ಕಾಣುತ್ತದೆ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಮಾತ್ರ 404 ಅಲ್ಲ, ಬೇರೆ ದೋಷ ಏಳುತ್ತದೆ ಎಂಬ ಟಿಪ್ಪಣಿಯೂ ಅಲ್ಲೇ ಇದೆ. ಹಾಗಾಗಿ ಊರಿನ ಹೆಸರೊಂದನ್ನೇ ಕೊಟ್ಟು ಹುಡುಕಿದಾಗ, ಮಿರ್ಜಾನದಲ್ಲಿ ಎರಡು ಹೋಂಸ್ಟೇ ಇದ್ದರೆ ನಿಮ್ಮ ಪುಟ 404 ತೋರಿಸದೆ ಬೇರೆಯದೇ ದೋಷದೊಂದಿಗೆ ಬಿದ್ದುಹೋಗುತ್ತದೆ. ಇದನ್ನು ಕೈಪಿಡಿಯೂ ಹೇಳುತ್ತದೆ. ಆದರೆ ಕೋಡಿನಲ್ಲೇ ಕಂಡವರು ಮರೆಯುವುದಿಲ್ಲ. ಒಂದೇ ಎಚ್ಚರಿಕೆ: ಆ ಕಡತಗಳನ್ನು ಓದಿ, ತಿದ್ದಬೇಡಿ. ಮುಂದಿನ ಅಪ್‌ಡೇಟ್ ನಿಮ್ಮ ತಿದ್ದುಪಡಿಯನ್ನೆಲ್ಲ ಅಳಿಸಿಹಾಕುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. ಪ್ರೋಗ್ರಾಮಿಂಗ್ ಅಲ್ಪಸ್ವಲ್ಪ ಗೊತ್ತು. ಇಂಥ ಮುಕ್ತ ತಂತ್ರಾಂಶಗಳಿಗೆ ನನ್ನಂಥವರಿಂದ ಏನಾದರೂ ಉಪಯೋಗವಿದೆಯೇ?
– ಓದುಗರು, ಹೊನ್ನಾವರ

ಉತ್ತರ: ಮೇಷ್ಟ್ರೇ, ನಿಮ್ಮಂಥವರನ್ನೇ ಹುಡುಕುತ್ತಿದ್ದೆ. ಜಾಂಗೋದ ಸೋರ್ಸ್ ಕೋಡಿನಲ್ಲಿ ಪ್ರತಿ ಭಾಷೆಗೂ ಒಂದು ಫೋಲ್ಡರ್ ಇದೆ. ‘ಕೆಎನ್’ ಎಂಬುದು ಕನ್ನಡದ್ದು. ಅದರ ಪಿಒ ಕಡತದಲ್ಲಿ ಇಂಗ್ಲಿಷ್ ಸಾಲು, ಅದರ ಕೆಳಗೆ ಕನ್ನಡ ಸಾಲು ಇರುತ್ತದೆ. ಕನ್ನಡದ ಜಾಗ ಖಾಲಿಯಿದ್ದರೆ ಬಳಕೆದಾರರ ಪರದೆಯ ಮೇಲೆ ಇಂಗ್ಲಿಷೇ ಉಳಿಯುತ್ತದೆ. ಲೆಕ್ಕಪತ್ರ ನಮೂದಿಸುವ ಹಳ್ಳಿಯ ಗುಮಾಸ್ತರು ‘ಈ ಮಾಹಿತಿ ಕಡ್ಡಾಯ’ ಎಂಬ ಸೂಚನೆಯನ್ನು ತಮ್ಮ ಭಾಷೆಯಲ್ಲಿ ಓದುವಂತಾಗಬೇಕು. ಅದಕ್ಕೆ ಬೇಕಾದದ್ದು ಒಳ್ಳೆಯ ಕನ್ನಡ. ಈ ಅನುವಾದಗಳನ್ನು ಟ್ರಾನ್ಸಿಫೆಕ್ಸ್ ಎಂಬ ತಾಣದ ಮೂಲಕ ಸ್ವೀಕರಿಸುತ್ತಾರೆ. ಖಾತೆ ತೆರೆದು ಕನ್ನಡ ತಂಡಕ್ಕೆ ಸೇರಲು ಕೋರಿಕೆ ಕಳುಹಿಸಿ. ಇಂಗ್ಲಿಷ್ ಕೈಪಿಡಿಯಲ್ಲಿ ಕಾಗುಣಿತದ ತಪ್ಪು ಕಂಡರೆ ಅದನ್ನೂ ತಿದ್ದಿ ಕಳುಹಿಸಬಹುದು. ಅಷ್ಟು ಸಣ್ಣದಕ್ಕೆ ಮೊದಲು ದೂರು ದಾಖಲಿಸುವ ವಿಧಿಯೂ ಇಲ್ಲ.

ಪ್ರಶ್ನೆ: ನಮ್ಮ ಅಡಿಕೆ ಬೆಳೆಗಾರರ ಸಂಘದ ಜಾಲತಾಣಕ್ಕೆ ಜಾಂಗೋ ಬಳಸಿದರೆ ಶುಲ್ಕ ಕಟ್ಟಬೇಕೇ?
– ಸಂಘದ ಕಾರ್ಯದರ್ಶಿ, ಸಿದ್ದಾಪುರ

ಉತ್ತರ: ಬೇಡ. ಅದರ ಪರವಾನಗಿ ಬಿಎಸ್‌ಡಿ ಮಾದರಿಯದು. ವ್ಯಾಪಾರಕ್ಕೂ ಬಳಸಬಹುದು, ಬದಲಾಯಿಸಲೂಬಹುದು. ಕೋಡನ್ನು ಬೇರೆಯವರಿಗೆ ಹಂಚುವಾಗ ಹಕ್ಕುಸ್ವಾಮ್ಯದ ಸೂಚನೆ ಉಳಿಸಿಕೊಳ್ಳಬೇಕು. ಆದರೆ ಯಾವ ಖಾತರಿಯೂ ಇಲ್ಲ ಎಂದು ಅದೇ ಪರವಾನಗಿ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ತಾಣ ಮಾಡಿಕೊಡುವವರ ಬಳಿ ಎರಡು ವಿಷಯ ಬರೆಸಿಕೊಳ್ಳಿ: 5.2ರಂಥ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಬಳಸುವುದು, ಭದ್ರತಾ ತಿದ್ದುಪಡಿ ಬಂದಾಗಲೆಲ್ಲ ಹಾಕಿಕೊಡುವುದು. ಆ ಬೆಂಬಲದ ಅವಧಿ ಸುಮಾರು 3 ವರ್ಷ. ಅದರ ನಂತರದ ಕೆಲಸಕ್ಕೂ ಸಂಘದ ಬಜೆಟ್ಟಿನಲ್ಲಿ ಈಗಲೇ ಹಣ ತೆಗೆದಿಡಿ.