ಪ್ರಯೋಗಾಲಯ ಯಾವುದಾದರೂ ಇರಲಿ, ಹುಲ್ಲನ್ನು ಎಲ್ಲಿಂದ ತೆಗೆದಿರಿ?

ಕುಮಟಾದ ನಿಮ್ಮ ಹಸು ಲೋಡುಗಟ್ಟಲೆ ತಂದ ಒಣಹುಲ್ಲನ್ನು ಹೊಟ್ಟೆ ತುಂಬ ತಿಂದರೂ ಹಾಲು ಕಡಿಮೆಯಾಗಿದೆ, ಹುಲ್ಲನ್ನು ಎಲ್ಲಿ ಪರೀಕ್ಷೆ ಮಾಡಿಸಲಿ, ಅಲ್ಲಿಯವರೆಗೆ ಹಿಂಡಿ ಹೆಚ್ಚಿಸಲೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಶಿರಸಿಯಲ್ಲಿ ನಾನು ಹುಲ್ಲನ್ನು ಪರೀಕ್ಷೆಗೆ ಕಳಿಸಿದ್ದೆ. ವರದಿ ಚೆನ್ನಾಗಿಯೇ ಬಂತು. ನನಗೆ ನಷ್ಟವಾದದ್ದು ಆ ವರದಿ ಬಂದ ಮೇಲೆ.

ಬ್ಯಾಣದ (ಹುಲ್ಲುಗಾವಲಿನ) ಹುಲ್ಲನ್ನು ಬೀಜ ಉದುರಿದ ಮೇಲೆ, ನವೆಂಬರ್ ಕೊನೆಗೆ ಕೊಯ್ದು ಕರಡವಾಗಿ, ಅಂದರೆ ಒಣಹುಲ್ಲಾಗಿ, ಅಟ್ಟಕ್ಕೇರಿಸುವುದು ನಮ್ಮಲ್ಲಿ ವಾಡಿಕೆ. ಹೂ ಬರುವ ಹೊತ್ತಿಗೆ ಕೊಯ್ದರೆ ಪ್ರೋಟೀನ್ ಹೆಚ್ಚು, ಬೀಜ ಕಟ್ಟಿದ ಮೇಲೆ ದಂಟು ಗಡುಸಾಗಿ ಸತ್ವ ಇಳಿಯುತ್ತದೆ ಎಂಬುದನ್ನು ತಿಳಿದು ನಾನು ಆ ವರ್ಷ ಅಕ್ಟೋಬರಿನಲ್ಲೇ ಕೊಯ್ಲು ಮಾಡಿಸಿದೆ. ತಿಳಿದದ್ದು ಸರಿಯಾಗಿಯೇ ಇತ್ತು. ಎರಡು ದಿನ ಬಿಸಿಲು ಸಿಕ್ಕಿತು. ಮೂರನೆಯ ಮಧ್ಯಾಹ್ನ ಹಿಂಗಾರಿನ ಮೋಡ ಎದ್ದಿತು. ಎಲೆ ಕೈಯಲ್ಲಿ ಪುಡಿಯಾಗುತ್ತಿತ್ತು, ದಂಟಿನ ಗಿಣ್ಣು ಮಾತ್ರ ಉಗುರಿಗೆ ಇನ್ನೂ ಹಸಿಯಾಗಿ ಸಿಗುತ್ತಿತ್ತು. ಆದರೂ ಹುಲ್ಲನ್ನು ಅಟ್ಟಕ್ಕೇರಿಸಿ, ತುಳಿದು ತುಂಬಿದೆವು.

ಹದಿನೈದು ದಿನಗಳ ಮೇಲೆ ಮಾದರಿ ತೆಗೆದೆ. ನಾನು ಎಡವಿದ್ದು ಇಲ್ಲಿಯೇ. ಏಣಿಯ ಮೇಲೆ ನಿಂತು, ಅಟ್ಟದ ಬಾಯಿಯಲ್ಲಿ ಕೈಗೆಟುಕಿದ ಹುಲ್ಲಿನಲ್ಲಿ ಹಸಿರಾಗಿ ಕಂಡದ್ದನ್ನು ಆರಿಸಿ ಚೀಲಕ್ಕೆ ತುಂಬಿದೆ. ಅಟ್ಟದ ಬಾಯಿಗೆ ಗಾಳಿಯೂ ಬರುತ್ತದೆ, ಸಂಜೆಯ ಬಿಸಿಲೂ ತಾಗುತ್ತದೆ; ಅಲ್ಲಿನ ಹುಲ್ಲು ಚೆನ್ನಾಗಿರಲೇಬೇಕು. ಹಸು ತಿನ್ನಲಿದ್ದ ರಾಶಿ ಅದರ ಹಿಂದೆ, ಗಾಳಿಯಾಡದ ಕತ್ತಲಲ್ಲಿತ್ತು. ಅಡಿಕೆ ಕೊಳ್ಳುವವನು ಚೀಲದ ತಳಕ್ಕೆ ಕೈ ಹಾಕಿ ನೋಡುತ್ತಾನೆ ಎಂಬುದು ಬೆಳೆಗಾರನಾದ ನನಗೆ ಗೊತ್ತಿರದ ಸಂಗತಿಯಲ್ಲ. ಹುಲ್ಲಿಗೂ ಅದೇ ಬುದ್ಧಿ ಬೇಕೆಂದು ಆ ದಿನ ಹೊಳೆಯಲಿಲ್ಲ.

ವರದಿಯಲ್ಲಿ ತೇವಾಂಶ ಶೇ. 12, ಪ್ರೋಟೀನ್ ಶೇ. 7 ಎಂದಿತ್ತು. ಅಟ್ಟದಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿದೆ ಎಂದು ಹೆಂಡತಿ ಹೇಳಿದಾಗ ನಾನು ಆ ಕಾಗದವನ್ನು ತೋರಿಸಿದೆ. ಒಳಗಿನ ಹುಲ್ಲು ಹಾಕತೊಡಗಿದ ಎರಡು ವಾರಗಳಲ್ಲಿ ಒಂಬತ್ತು ಲೀಟರ್ ಕೊಡುತ್ತಿದ್ದ ಹಸು ಐದಕ್ಕೆ ಇಳಿಯಿತು. ಅಟ್ಟ ಬಗೆದಾಗ ನಡುವಿನ ಹುಲ್ಲು ಕಂದಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ತಳದ ಹುಲ್ಲನ್ನು ಎತ್ತಿದರೆ ಬೂದಿಯಂಥ ಬೂಷ್ಟು ಹಾರಿ ಕೆಮ್ಮು ಬಂತು. ಶೇ. 20ಕ್ಕಿಂತ ಹೆಚ್ಚು ತೇವವಿರುವ ಹುಲ್ಲನ್ನು ಒತ್ತಿ ತುಂಬಿದರೆ ಸೂಕ್ಷ್ಮಜೀವಿಗಳಿಂದ ಒಳಗೆ ಕಾವು ಏರುತ್ತದೆ; ಆ ಕಾವಿಗೆ ಪ್ರೋಟೀನು ಸಕ್ಕರೆಯ ಅಂಶದೊಂದಿಗೆ ಬೆಸೆದುಕೊಂಡು ಜೀರ್ಣವಾಗದಂತಾಗುತ್ತದೆ. ಸಾಮಾನ್ಯ ಪರೀಕ್ಷೆ ಅದನ್ನೂ ಪ್ರೋಟೀನೆಂದೇ ಎಣಿಸುತ್ತದೆ. ಕಾದ ಹುಲ್ಲಿಗೆ ಸಿಹಿ ವಾಸನೆ ಇರುವುದರಿಂದ ಹಸು ಅದನ್ನು ಇಷ್ಟಪಟ್ಟೇ ತಿನ್ನುತ್ತದೆ. ಹೊಟ್ಟೆ ತುಂಬ ತಿನ್ನುತ್ತಿದೆ ಎಂಬ ನಿಮ್ಮ ಸಮಾಧಾನವನ್ನು ನಾನು ಒಪ್ಪದಿರುವುದು ಇದಕ್ಕೇ. ಅರ್ಧ ಅಟ್ಟದ ಹುಲ್ಲು ಗೊಬ್ಬರಗುಂಡಿ ಸೇರಿತು.

ಆದ್ದರಿಂದ ಪ್ರಯೋಗಾಲಯದ ವಿಳಾಸ ನಿಮ್ಮ ಮೊದಲ ಅಗತ್ಯವಲ್ಲ. ಹದಿನೈದಿಪ್ಪತ್ತು ಪೆಂಡಿಗಳ ಹುರಿ ಕತ್ತರಿಸಿ, ಪ್ರತಿಯೊಂದರ ನಡುವಿನಿಂದ ಹಿಡಿ ಹುಲ್ಲು ಎಳೆದು, ತಾಡಪಾಲಿನ ಮೇಲೆ ಬೆರೆಸಿ ಮೂಸಿ ನೋಡಿ. ಅದರಲ್ಲಿ ಸ್ವಲ್ಪವನ್ನು ಕತ್ತರಿಸಿ, ಒಣ ಪುಡಿ ಉಪ್ಪಿನೊಂದಿಗೆ ಗಾಜಿನ ಭರಣಿಯಲ್ಲಿ ಹಾಕಿ ಎರಡು ಮೂರು ನಿಮಿಷ ಕುಲುಕಿ. ಉಪ್ಪು ಗಂಟುಕಟ್ಟಿದರೆ ತೇವ ಶೇ. 15ನ್ನು ದಾಟಿದೆ ಎಂದು ತಿಳಿಯಿರಿ. ಮಳೆಗಾಲದಲ್ಲಿ ಕರಾವಳಿಯ ಗಾಳಿಗೇ ಉಪ್ಪು ನೀರಾಗುವುದರಿಂದ, ಅದನ್ನು ಮೊದಲು ಬಾಣಲೆಯಲ್ಲಿ ಹುರಿದುಕೊಳ್ಳಬೇಕಾಗುತ್ತದೆ. ಬೂಷ್ಟು ಕಂಡ ಪೆಂಡಿಯನ್ನು ಒಣಗಿಸಿ ಹಾಕುವ ಆಸೆ ಬೇಡ: ಬೂಷ್ಟಿನ ವಿಷ ಬಿಸಿಲಿಗೆ ಪೂರ್ತಿ ಹೋಗುವುದಿಲ್ಲ, ಅದು ಅಫ್ಲಾಟಾಕ್ಸಿನ್ ಎಂಬ ವಿಷವಾಗಿದ್ದರೆ ಹಾಲಿಗೂ ಇಳಿಯುತ್ತದೆ. ಇಷ್ಟಾದ ಮೇಲೂ ಅಂಕಿ ಬೇಕೆಂದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿದೆ.

ನೀವು ತಂದದ್ದು ಭತ್ತದ ಹುಲ್ಲಾಗಿದ್ದರೆ ಪ್ರೋಟೀನ್ ಪರೀಕ್ಷೆಯೇ ದಂಡ, ಅದರಲ್ಲಿ ಶೇ. 4ರ ಆಸುಪಾಸಿನಲ್ಲಷ್ಟೇ ಇರುವುದು. ಹಿಂಡಿಗೆ ದುಡ್ಡು ಸುರಿಯುವ ಮೊದಲು ಯೂರಿಯಾ ಉಪಚಾರ ಮಾಡಿ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ಹಾಕುವ ಮೊದಲು ಘಾಟು ಹೋಗುವಷ್ಟು ಹೊತ್ತು ಹರಡಿಡಿ. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಕೊಡಬೇಡಿ. ಯೂರಿಯಾ ಬೆರೆಸಿದ ಬಕೆಟ್ಟಿಗೆ ದನ ಬಾಯಿ ಹಾಕಿದರೆ ಜೀವಕ್ಕೇ ಅಪಾಯ, ಆದ್ದರಿಂದ ನಾನು ಈ ಕೆಲಸವನ್ನು ಕೊಟ್ಟಿಗೆಯ ಬಾಗಿಲು ಹಾಕಿಕೊಂಡೇ ಮಾಡುತ್ತೇನೆ.